ಮಕ್ಕಳ ಕಾರ್ಟೂನಿನಲ್ಲಿ ಹೂಸು, ತೇಗು, ಸಿಂಬಳ: ನನ್ನ ಅನುಭವ

ಕಾರ್ಟೂನಿನಲ್ಲಿ ಒಂದು ಹೂಸು, ಒಂದು ತೇಗು, ಸ್ವಲ್ಪ ಸಿಂಬಳ ಹಾಕಿದರೆ ಮಕ್ಕಳು ಗ್ಯಾರಂಟಿ ನಗುತ್ತಾರೆ. ನಮ್ಮ ಲೈನಿನಲ್ಲಿ ಎಲ್ಲರೂ ನಂಬಿರೋದು ಇದನ್ನೇ. ಇದು ಎಷ್ಟು ನಿಜ ಅಂತ ಮಕ್ಕಳ ಮುಂದೆಯೇ ಇಟ್ಟು ನೋಡೋಣ ಅಂತ ನಾನು ಹೊರಟಾಗ ಯಾರೂ ಒಪ್ಪಲಿಲ್ಲ. "ಮೇಡಂ, ಮಕ್ಕಳನ್ನ ಕೇಳಿಕೊಂಡು ಯಾರಾದ್ರೂ ಕಾರ್ಟೂನ್ ಮಾಡ್ತಾರಾ?" ಅಂದರು. "ನಿಮಗೇ ಗಲೀಜು ಹಿಡಿಸೋಲ್ಲ, ಅದಕ್ಕೆ ತೆಗೆಯೋಕೆ ನೆಪ ಹುಡುಕ್ತಿದ್ದೀರಿ" ಅಂತಲೂ ಅಂದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಪುಟ್ಟ 2ಡಿ ಅನಿಮೇಷನ್ ಸ್ಟುಡಿಯೊ, ನಾಲ್ಕೇ ಜನ. ಸಾಫ್ಟ್‌ವೇರ್, ರಿಗ್ಗಿಂಗ್ (ಪಾತ್ರದ ಕೈಕಾಲು ಆಡೋ ಹಾಗೆ ಕೀಲು ಜೋಡಿಸೋದು) ಬಗ್ಗೆ ಬರೆಯೋಲ್ಲ, ಅದು ನಿಮಗೆಲ್ಲ ಗೊತ್ತಿರೋದೇ.

ಮೊದಲು ದುಡ್ಡು ಹೋದ ಕಥೆ ಹೇಳುತ್ತೇನೆ. ಒಂದು ಚಾನೆಲಿನವರಿಗೆ ಹಳ್ಳಿ ಶಾಲೆಯ ಕಥೆ ಬೇಕಿತ್ತು. ಒಬ್ಬ ಹೆಡ್‌ಮಾಸ್ಟರು, ಒಬ್ಬ ಅಜ್ಜಿ, ಮೊಮ್ಮಗ, ಒಂದು ಎಮ್ಮೆ. ಐದು ನಿಮಿಷದ ಎಪಿಸೋಡು. ಹೆಚ್ಚುಕಡಿಮೆ ಮುಕ್ಕಾಲು ನಿಮಿಷಕ್ಕೊಂದು ಗಲೀಜು ಜೋಕು ಇರಲೇಬೇಕು ಅಂತ ಅವರ ಷರತ್ತು. ಉದಾಹರಣೆಗೆ ಅವರು ತೋರಿಸಿದ್ದು 'ರೆನ್ ಅಂಡ್ ಸ್ಟಿಂಪಿ' ಅನ್ನೋ ಅಮೆರಿಕನ್ ಕಾರ್ಟೂನು. ಅದರಲ್ಲಿ ಓಡುತ್ತಿರುವ ಚಿತ್ರ ಗಕ್ಕನೆ ನಿಂತು, ಹಲ್ಲಿನ ಕೊಳೆ, ಮೂಗಿನ ಕೂದಲು ಎಲ್ಲ ಎದ್ದು ಕಾಣುವ ಹಾಗೆ ಪೇಂಟ್ ಮಾಡಿದ ಕ್ಲೋಸಪ್ ಬರುತ್ತಲ್ವಾ, ಅಂಥದ್ದೇ ಬೇಕು ಅಂದರು. ನಮ್ಮ ಪೇಂಟರ್ ಹುಡುಗ ಹಗಲೂರಾತ್ರಿ ಕೂತು ನಾಲ್ಕು ಕ್ಲೋಸಪ್ ಮಾಡಿದ. ಆ ನಾಲ್ಕಕ್ಕೇ ಇಪ್ಪತ್ತು ಸಾವಿರದ ಮೇಲೆ ಖರ್ಚಾಯಿತು. ಇಡೀ ಎಪಿಸೋಡಿಗೆ ತೊಂಬತ್ತು ಸಾವಿರದ ಹತ್ತಿರ. ಕೈಗೆ ಬಂದಿದ್ದು ಮೂವತ್ತು ಸಾವಿರ ಅಡ್ವಾನ್ಸ್ ಮಾತ್ರ. ಉಳಿದಿದ್ದು ಇವತ್ತಿಗೂ ಬಂದಿಲ್ಲ.

ಆ ಎಪಿಸೋಡನ್ನು ಪರಿಚಯದ ಟೀಚರೊಬ್ಬರ ಕ್ಲಾಸಿನಲ್ಲಿ ಹಾಕಿದೆವು. ಮೊದಲ ಕ್ಲೋಸಪ್ಪಿಗೆ ಎಲ್ಲ ಮಕ್ಕಳೂ "ಥೂ" ಅಂತ ಕೂಗಿ ನಕ್ಕರು. ಎರಡನೆಯದಕ್ಕೆ ಅರ್ಧ ಜನ ನಕ್ಕರು. ಮೂರನೆಯದು ಬರೋ ಹೊತ್ತಿಗೆ ಕೆಲವರು ಮುಖ ತಿರುಗಿಸಿದರು, ಒಂದು ಪುಟ್ಟ ಹುಡುಗಿ ಟೀಚರ್ ಸೆರಗಿನ ಹಿಂದೆ ಹೋಗಿ ನಿಂತಳು. ನಾಲ್ಕನೆಯದಕ್ಕೆ ಕ್ಲಾಸು ತಣ್ಣಗಿತ್ತು. ಎಮ್ಮೆ ಬಾಲದಿಂದ ಮಾಸ್ಟರ ಪೇಟ ಎಗರಿಸುವ ಒಂದು ಸಾದಾ ಶಾಟಿಗೆ ಬಿದ್ದಷ್ಟು ನಗು ಆ ಇಪ್ಪತ್ತು ಸಾವಿರಕ್ಕೆ ಬೀಳಲಿಲ್ಲ.

ಆ ಅಮೆರಿಕನ್ ಕಾರ್ಟೂನ್ ಬಗ್ಗೆ ಒಂದು ಮಾತು. ಅದು 1991ರ ಆಗಸ್ಟಿನಲ್ಲಿ ಮಕ್ಕಳ ಚಾನೆಲ್ ನಿಕೆಲೋಡಿಯನ್‌ನಲ್ಲಿ ಶುರುವಾಯಿತು, ನಿಜ. ಆದರೆ ಹರೆಯದವರು ನೋಡೋ ಎಂಟಿವಿಯಲ್ಲೂ ಬಂತು, ಕಾಲೇಜು ಹುಡುಗರು ಅದಕ್ಕೆ ಮುಗಿಬಿದ್ದರು. ಅದರ ಹೆಸರು ಇವತ್ತಿಗೂ ಉಳಿದಿರೋದರಲ್ಲಿ ದೊಡ್ಡವರ ಪಾಲು ಜಾಸ್ತಿ. ಐದು ವರ್ಷದ ಮಗುವಿಗೆ ಏನು ಹಿಡಿಸುತ್ತೆ ಅನ್ನೋದಕ್ಕೆ ಅದನ್ನು ಸಾಕ್ಷಿಯಾಗಿ ತರೋದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಷ್ಟು ಹೊತ್ತು ನೋಡಿದರು ಅಂತ ತೋರಿಸೋ ಯೂಟ್ಯೂಬಿನ ಗ್ರಾಫ್ ನೋಡಿದರೆ ಸಾಲದೇ ಅಂತ ಕೇಳಬಹುದು. ಸಾಲದು. 2020ರ ಜನವರಿಯಿಂದ ಮಕ್ಕಳ ವಿಡಿಯೊ ಅಂತ ಗುರುತು ಹಾಕಿದ ಯಾವುದಕ್ಕೂ ಅಲ್ಲಿ ಕಾಮೆಂಟೇ ಇಲ್ಲ. ಆಟೋಪ್ಲೇ ಓಡುತ್ತಿರುತ್ತೆ, ಮಗು ತುತ್ತು ನುಂಗುತ್ತಿರುತ್ತೆ. ಪೂರ್ತಿ ನೋಡಿದ್ದಾರೆ ಅಂತ ಗ್ರಾಫ್ ಹೇಳುತ್ತೆ, ನಕ್ಕರು ಅಂತ ಹೇಳೋಲ್ಲ.

ನಾನು ಮಾಡಿದ್ದು ಇಷ್ಟು. ಪೂರ್ತಿ ಅನಿಮೇಷನ್ ಮಾಡೋದಕ್ಕೆ ಮೊದಲೇ, ಅನಿಮೇಟಿಕ್ (ಕಚ್ಚಾ ಚಿತ್ರಗಳನ್ನು ಸಾಲಾಗಿ ಜೋಡಿಸಿದ ವಿಡಿಯೊ) ಹಂತದಲ್ಲಿ, ನಮ್ಮದೇ ದನಿಯಲ್ಲಿ ಡಬ್ ಮಾಡಿ ಎರಡು ಕಟ್, ಅಂದರೆ ಒಂದೇ ಕಥೆಯ ಎರಡು ರೂಪ, ತಯಾರಿಸುತ್ತೇವೆ. ಒಂದರಲ್ಲಿ ಗಲೀಜು ಜೋಕು ಇರುತ್ತೆ. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಅದಿಲ್ಲ, ಅಥವಾ ಅರ್ಧ ಮಾತ್ರ ಇದೆ. ಒಂದೇ ತರಗತಿಯ ಎರಡು ಸೆಕ್ಷನ್ನಿಗೆ ಒಂದೊಂದು ತೋರಿಸುತ್ತೇವೆ. ನಾವು ಪರದೆ ಕಡೆ ನೋಡೋದೇ ಇಲ್ಲ, ಮಕ್ಕಳ ಮುಖವನ್ನೇ ನೋಡುತ್ತೇವೆ. ಮುಖ್ಯವಾದದ್ದು ಮರುದಿನ. ಮತ್ತೆ ಹೋಗಿ "ನಿನ್ನೆ ನೋಡಿದ್ರಲ್ಲ, ಏನಾಯ್ತು ಹೇಳಿ" ಅಂತ ಕೇಳುತ್ತೇವೆ. ಮಗು ಯಾವುದನ್ನು ಎದ್ದು ನಿಂತು ಮಾಡಿ ತೋರಿಸುತ್ತೋ ಅದು ಉಳಿಯುತ್ತೆ. ಮರೆತುಹೋಗಿದ್ದು ಎಡಿಟ್‌ನಲ್ಲಿ ಹೋಗುತ್ತೆ, ಅದರಲ್ಲಿ ಎಷ್ಟೇ ದುಡ್ಡಿರಲಿ.

ನಮಗೆ ದಾರಿ ತೋರಿಸಿದ್ದು ವಾರ್ಷಿಕೋತ್ಸವದ ಸೀನು. ರಾತ್ರಿ ಹಿತಕಬೇಳೆ ಸಾರು ಜಾಸ್ತಿ ಹೊಡೆದ ಹೆಡ್‌ಮಾಸ್ಟರು ವೇದಿಕೆ ಮೇಲೆ ಮುಖ್ಯ ಅತಿಥಿಯ ಪಕ್ಕ ಕೂತಿದ್ದಾರೆ. ಮೊದಲ ಕಟ್‌ನಲ್ಲಿ ಕೂತ ತಕ್ಷಣ ಸದ್ದು ಬಂತು, ಎಲ್ಲ ಮೂಗು ಮುಚ್ಚಿಕೊಂಡರು, ಮುಗೀತು. ಮಕ್ಕಳು ನಕ್ಕರು. ಆದರೆ ಮರುದಿನ ಆ ಸೀನನ್ನು ಹೇಳಿದವರು ಇಬ್ಬರು ಮೂವರು. ಎರಡನೇ ಕಟ್‌ನಲ್ಲಿ ಮಾಸ್ಟರು ಅರ್ಧ ನಿಮಿಷದ ಹತ್ತಿರ ತಡೆದುಕೊಳ್ಳುತ್ತಾರೆ. ಬೆವರುತ್ತಾರೆ, ಕುರ್ಚಿಯಲ್ಲಿ ಒಂದು ಕಡೆಗೆ ವಾಲುತ್ತಾರೆ, ಜನ ಚಪ್ಪಾಳೆ ಹೊಡೆಯೋದನ್ನೇ ಕಾಯುತ್ತಾರೆ. ಚಪ್ಪಾಳೆ ಬೀಳುವಷ್ಟರಲ್ಲಿ ನಿಂತುಹೋಗುತ್ತೆ. ಮತ್ತೆ ಕಾಯುತ್ತಾರೆ. ಸದ್ದು ಬರೋದಕ್ಕೆ ಮೊದಲೇ ಮಕ್ಕಳು ಬೆಂಚು ಬಡಿಯುತ್ತಿದ್ದರು.

ಆಮೇಲೆ ಹಟಕ್ಕೆ ಬಿದ್ದು ಮೂರನೇ ಕಟ್ ಮಾಡಿದೆ. ಅದರಲ್ಲಿ ಹೂಸು ಕೇಳಿಸೋದೇ ಇಲ್ಲ. ಚಪ್ಪಾಳೆಯಲ್ಲಿ ಮುಚ್ಚಿಹೋಗುತ್ತೆ. ಮಾಸ್ಟರ ಮುಖಕ್ಕೆ ನೆಮ್ಮದಿ ಬರುತ್ತೆ. ಮುಖ್ಯ ಅತಿಥಿ ನಿಧಾನಕ್ಕೆ ಅವರ ಕಡೆ ತಿರುಗುತ್ತಾರೆ. ಅಷ್ಟೇ. ನಮ್ಮ ಲೆಕ್ಕದಲ್ಲಿ ಅತಿ ದೊಡ್ಡ ನಗು ಬಿದ್ದಿದ್ದು ಅದಕ್ಕೆ. ಮರುದಿನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಕ್ಕಳು ಕುರ್ಚಿಯಲ್ಲಿ ವಾಲಿ ಕೂತು ತೋರಿಸಿದರು. ಹುಡುಗಿಯರಿಗೆ ಇಂಥದ್ದು ಹಿಡಿಸೋಲ್ಲ ಅನ್ನೋ ಮಾತೂ ಅಲ್ಲೇ ಬಿದ್ದುಹೋಯಿತು. ನೋಡುವಾಗ ಅವರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ, ಅಷ್ಟೇ ವ್ಯತ್ಯಾಸ. ಮಾಸ್ಟರನ್ನು ಅಣಕಿಸಿ ತೋರಿಸುವಾಗ ಹುಡುಗರಿಗಿಂತ ಒಂದು ಕೈ ಮೇಲೆ.

ಶಿನ್‌ಚಾನ್ ಕುಂಡೆ ಕುಣಿಸಿದರೆ ಮಕ್ಕಳು ನಗೋದಿಲ್ವಾ ಅಂತ ಆ ಚಾನೆಲಿನವರು ವಾದ ಮಾಡುತ್ತಿದ್ದರು. ನಗುತ್ತಾರೆ. ಆದರೆ ಇನ್ನೊಂದು ಸಲ ಗಮನಿಸಿ ನೋಡಿ, ಅವನ ಅಮ್ಮನ ಮುಖ ಕೆಂಪಾಗೋದು ಎಷ್ಟು ಹೊತ್ತು ಇರುತ್ತೆ ಅಂತ. ಮಕ್ಕಳು ಕಾಯೋದು ಅದನ್ನೇ.

ಯಾರು ಹೂಸು ಬಿಡುತ್ತಾರೆ ಅನ್ನೋದರ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಒಂದು ಪ್ರಯೋಗದಲ್ಲಿ ಅದೇ ಜೋಕನ್ನು ಮಾಸ್ಟರ ಬದಲು ಹಿಂದಿನ ಬೆಂಚಿನ ಒಬ್ಬ ಬಡಕಲು ಹುಡುಗನ ಮೇಲೆ ಹಾಕಿ ನೋಡಿದೆವು. ನಗು ಬಂತು. ಆದರೆ ನಗುತ್ತಾ ಕ್ಲಾಸಿನ ಅರ್ಧ ಮಕ್ಕಳು ತಿರುಗಿ ತಮ್ಮಲ್ಲೇ ಒಬ್ಬನನ್ನು ನೋಡಿದರು. ಮರುದಿನ ಹೋಗೋ ಹೊತ್ತಿಗೆ ಕಾರ್ಟೂನಿನ ಹುಡುಗನ ಹೆಸರು ಅವನಿಗೆ ಅಂಟಿತ್ತು. ಆ ಮಗು ತಲೆ ಎತ್ತಲಿಲ್ಲ. ನಾವು ಟೀಚರ್ ಜೊತೆ ಸೇರಿ ಆ ಹೆಸರು ಬಿಡಿಸೋಕೆ ಒಂದು ವಾರ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವತ್ತಿನಿಂದ ನಮ್ಮಲ್ಲಿ ಇದು ಖಾಯಂ. ಮಾಸ್ಟರು, ಗೌಡರು, ಪೊಲೀಸು, ಪೈಲ್ವಾನ, ಹುಲಿ. ಇವರು ಮಾತ್ರ ಹೂಸು ಬಿಡಬಹುದು. ಮಗು ಬಿಡೋ ಹಾಗಿಲ್ಲ. ಎಷ್ಟು ದುಡ್ಡು ಕೊಟ್ಟರೂ ಇದನ್ನು ಮುರಿಯೋಲ್ಲ.

ವಯಸ್ಸಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಮೂರು ವರ್ಷದ ಒಳಗಿನವರಿಗೆ ಹಾಕಲೇಬೇಡಿ, ಸುಮ್ನೆ ದಂಡ. ಅವರಿಗೆ ಇನ್ನೂ ಅಸಹ್ಯ ಅನ್ನೋದೇ ಬಂದಿರೋಲ್ಲ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಡಲೆಕಾಯಿ ಬೆಣ್ಣೆ ಮತ್ತು ಘಾಟು ವಾಸನೆಯ ಚೀಸ್ ಸೇರಿಸಿ ನಾಯಿ ಕಕ್ಕದ ಹಾಗೆ ಮಾಡಿಟ್ಟರೆ, ಎರಡು ವರ್ಷದೊಳಗಿನ ಮಕ್ಕಳಲ್ಲಿ ಶೇ 62 ಜನ ಬಾಯಿಗೆ ಹಾಕಿಕೊಂಡಿದ್ದರು. ನಾಲ್ಕರಿಂದ ಏಳು ವರ್ಷದವರಿಗೆ ಸದ್ದು ಸಾಕು. ಎಂಟು ದಾಟಿದವರು ಮೊದಲು ಪಕ್ಕದವರ ಮುಖ ನೋಡಿ ಆಮೇಲೆ ನಗುತ್ತಾರೆ. ಅದೇ ಮಗುವನ್ನು ಒಂಟಿಯಾಗಿ ಕೂರಿಸಿ ಹೆಡ್‌ಫೋನ್ ಹಾಕಿ ತೋರಿಸಿ, ತುಟಿ ಕೊಂಚ ಅಲ್ಲಾಡಿದರೆ ಹೆಚ್ಚು.

ಸಗಣಿ ವಿಷಯ ಬೇರೆಯೇ. ಪೈಲ್ವಾನ ಎಮ್ಮೆ ಸಗಣಿ ಮೇಲೆ ಜಾರಿ ಬೀಳುವ ಸೀನಿಗೆ ಮೈಸೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಛೀ ಛೀ ಅಂತ ಕುಣಿದಾಡಿದರು. ನಂಜನಗೂಡಿನ ಆಚೆ ಒಂದು ಹಳ್ಳಿಯಲ್ಲಿ ಅದೇ ಸೀನು ಹಾಕಿದರೆ ಯಾರೂ ಮುಖ ಸಿಂಡರಿಸಲಿಲ್ಲ. ಬೆಳಗ್ಗೆ ಎದ್ದು ಅದರಲ್ಲೇ ಅಂಗಳ ಸಾರಿಸುವ ಮನೆಯ ಮಕ್ಕಳು ಅವರು. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಸಗಣಿ ಇಷ್ಟು ನೀರಾಗಿದ್ರೆ ಎಮ್ಮೆಗೆ ಹುಷಾರಿಲ್ಲ" ಅಂದ. ಅವನ ಮಾತು ಕೇಳಿ ಗಟ್ಟಿ ಸಗಣಿ ಬರೆಸಿದೆ! ತಮಿಳುನಾಡಿನ ಗಡಿ ದಾಟಿ ತಾಳವಾಡಿ ಕಡೆಯ ಗುಮಟಾಪುರದಲ್ಲಿ ದೀಪಾವಳಿ ಆದಮೇಲೆ ಗೊರೆಹಬ್ಬ ಮಾಡಿ, ರಾಶಿ ಹಾಕಿದ ಸಗಣಿಯನ್ನು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆಯುತ್ತಾರೆ. ಗಲೀಜು ಯಾವುದು ಅನ್ನೋದು ಊರಿನಿಂದ ಊರಿಗೆ ಬೇರೆ. ಇನ್ನೊಂದು ದೇಶದ ಪಟ್ಟಿ ತಂದು ಇಲ್ಲಿ ಇಟ್ಟರೆ ಆಗೋಲ್ಲ.

ಹಸಿರು ಸಿಂಬಳವೂ ಹಾಗೇ ಮಣ್ಣುಪಾಲಾಯಿತು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗೋ ಸ್ಲೈಮ್ ನಮ್ಮ ಮಕ್ಕಳಿಗೆ ಆಟದ ಸಾಮಾನು. ಪರದೆ ಮೇಲೆ ಹಸಿರು ಲೋಳೆ ಕಂಡ ತಕ್ಷಣ ಮುಟ್ಟೋಕೆ ಕೈ ಚಾಚಿದರು. ಬಣ್ಣ ತೆಗೆದು ಬರೀ ಗೊಣ್ಣೆ ಇಟ್ಟೆವು. ಪೊಲೀಸಪ್ಪ ಗದರಿಸುವಾಗ ಅದು ಉಸಿರಿಗೆ ತಕ್ಕ ಹಾಗೆ ಇಳಿಯುತ್ತೆ, ಸುರ್ರ್ ಅಂತ ಮೇಲಕ್ಕೆ ಹೋಗುತ್ತೆ. ಬೀಳೋದೇ ಇಲ್ಲ. ಅದು ಬೀಳುತ್ತೋ ಇಲ್ವೋ ಅಂತ ಮಕ್ಕಳು ಉಸಿರು ಹಿಡಿದು ನೋಡಿದರು.

ಸದ್ದಿಗೂ ಸಾಕಷ್ಟು ದುಡ್ಡು ಸುರಿದಿದ್ದೇವೆ. ಎರಡು ಸಾವಿರ ಕೊಟ್ಟು ತಗೊಂಡ ಹೂಸಿನ ಸೌಂಡ್ ಪ್ಯಾಕ್ ಒಂದು ಸೀನಿಗೂ ಒದಗಲಿಲ್ಲ, ಎಲ್ಲ ಒಂದೇ ಥರ. ಹೊಟ್ಟೆ ಗುಡುಗುಡು ಸದ್ದನ್ನು ಕುದಿಯುವ ರಾಗಿ ಅಂಬಲಿಯಿಂದ ತೆಗೆದೆವು, ಮೈಕನ್ನು ಪಾತ್ರೆ ಹತ್ತಿರ ಹಿಡಿದು. ಹೂಸಿಗೆ ಸೈಕಲ್ ಟ್ಯೂಬು ಮತ್ತು ಒದ್ದೆ ಅಂಗೈ. ಅದರೊಳಗೆ ಇನ್ನೆರಡು ಸದ್ದು ಬೆರೆಸಿದ್ದೇವೆ, ಅದನ್ನು ಹೇಳೋಲ್ಲ. ಸದ್ದಿಗೆ ಮೊದಲು ಎಷ್ಟು ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಪೂರ್ತಿ ಮೌನ ಇಡಬೇಕು ಅನ್ನೋದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹನ್ನೆರಡಕ್ಕಿಂತ ಜಾಸ್ತಿ ಬೇಕು ಅಂತ ಮಾತ್ರ ಹೇಳಬಲ್ಲೆ.

ಈಗ ಲೆಕ್ಕ. ಒಂದು ಎಪಿಸೋಡ್ ಹೀಗೆ ಪರೀಕ್ಷೆ ಮಾಡೋಕೆ ನನಗೆ ನಾಲ್ಕೈದು ಸಾವಿರ ಆಗುತ್ತೆ. ಪ್ರೊಜೆಕ್ಟರ್ ಬಾಡಿಗೆ, ಆಟೋ, ಬಿಸ್ಕತ್ತು, ಜೆರಾಕ್ಸ್. ಆ ಕ್ಲೋಸಪ್‌ಗಳ ಖರ್ಚು ಬಿಟ್ಟರೆ ಆಗ ನಮಗೆ ಅನಿಮೇಷನ್ನಿಗೆ ನಿಮಿಷಕ್ಕೆ ಹದಿನಾಲ್ಕು ಸಾವಿರದ ಹತ್ತಿರ ತಗಲುತ್ತಿತ್ತು. ಅನಿಮೇಟಿಕ್‌ನಲ್ಲೇ ಒಂದು ಒಂದೂವರೆ ನಿಮಿಷದಷ್ಟು ಸತ್ತ ಜೋಕು ಉದುರಿಹೋದರೆ ಎಷ್ಟು ಉಳಿಯುತ್ತೆ ನೀವೇ ಹಾಕಿ ನೋಡಿ. ಕಳೆದ ವರ್ಷ ಬಂದ ಹೊಸ ಗಿರಾಕಿಗಳಿಗೂ ಮೊದಲು ನಂಬಿಕೆ ಇರಲಿಲ್ಲ. ಅವರ ಕಡೆಯ ಹಿರಿಯರೊಬ್ಬರನ್ನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಸದ್ದಿಲ್ಲದ ಹೂಸಿಗೆ ಮಕ್ಕಳು ಬಿದ್ದು ಬಿದ್ದು ನಗೋದನ್ನು ಅವರು ಕಣ್ಣಾರೆ ನೋಡಿದರು. ಆ ವಾರವೇ ಎಂಟು ಎಪಿಸೋಡಿನ ಆರ್ಡರ್ ಬಂತು, ನಿಮಿಷಕ್ಕೆ ಇಪ್ಪತ್ತು ಸಾವಿರದ ಮೇಲೆ. ಮೈಸೂರಿನಲ್ಲಿ ನಮ್ಮಷ್ಟು ಸಣ್ಣ ಸ್ಟುಡಿಯೊಗೆ ಆ ರೇಟು ಸಿಗೋದು ಸುಲಭ ಅಲ್ಲ ಅಂತ ನಿಮಗೂ ಗೊತ್ತು.

ಮಾಡಿ ನೋಡುವವರಿಗೆ ಒಂದೆರಡು ಮಾತು. ಹೆಡ್‌ಮಾಸ್ಟರ್ ಒಪ್ಪಿಗೆಯ ಜೊತೆ ಅಪ್ಪ ಅಮ್ಮಂದಿರ ಸಹಿಯೂ ಬೇಕು. ಮುಖಗಳ ವಿಡಿಯೊ ತೆಗೆದರೆ ಲೆಕ್ಕ ಬರೆದುಕೊಂಡ ಮೇಲೆ ಅಳಿಸಿಬಿಡಿ. ಊಟದ ಬೆಲ್ಲಿಗೆ ಮುಂಚೆ ಹೋಗಬೇಡಿ, ಹಸಿದ ಮಕ್ಕಳು ಯಾವುದಕ್ಕೂ ನಗೋಲ್ಲ. ನಮ್ಮ ಮುಂದಿನ ಎಪಿಸೋಡಿನಲ್ಲಿ ಬೀಗರೂಟದಲ್ಲಿ ಗೌಡರ ತೇಗು ಇದೆ. ಎರಡು ಕಟ್ಟೂ ತಯಾರಿದೆ, ಶನಿವಾರ ಶಾಲೆಗೆ ಹೋಗುತ್ತಿದ್ದೇವೆ.