ಮನೆಯೊಳಗೆ ತಲೆಕೆಳಗಾದ ಬಳ್ಳಾರಿ ಗುಡ್ಡ

ನಮ್ಮ ಕಿಟಕಿಗೆ ಕೋಟೆ ಗುಡ್ಡ ಕಾಣುತ್ತದೆ. ಗುಡ್ಡದ ಮೇಲೆ ಬಿಸಿಲು ಜೋರಾಗಿ ಬಿದ್ದಾಗ ಕಿಟಕಿ ಪೂರ್ತಿ ರಟ್ಟು ಹಚ್ಚುತ್ತೇನೆ. ಬಾಗಿಲ ಸಂದಿಗೂ ಬಟ್ಟೆ ತುರುಕಿ. ಕತ್ತಲೆ ಸಾಲದಿದ್ದರೆ ಸುಮ್ನೆ ದಂಡ. ರಟ್ಟಿಗೆ ಸುಮಾರು 1 ಸೆಂ.ಮೀ. ತೂತು ಮಾಡಿ, ಎದುರಿಗೆ ಬಿಳಿ ಪಂಚೆ ಕಟ್ಟಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಿರಿ. ಗುಡ್ಡ ಉಲ್ಟಾ ಮೂಡುತ್ತದೆ: ಕೆಳಗೆ ಆಕಾಶ, ಮೇಲೆ ಆಟೋಗಳ ಓಡಾಟ! ಮಸುಕಾಗಿದ್ದರೆ ತೂತು ಸಣ್ಣದು ಮಾಡಿ. ಬೆಳಕು ಕಮ್ಮಿಯಾದರೂ ಅಂಚು ಸ್ಪಷ್ಟವಾಗುತ್ತದೆ. ತೂತಿನಿಂದ ಸೂರ್ಯನನ್ನು ಮಾತ್ರ ನೋಡಬೇಡಿ.

ಬೆಳಕು ನೇರ ಹೋಗುತ್ತದಲ್ವಾ, ಮೇಲಿನಿಂದ ಬಂದದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ. ಹಂಪಿ ವಿರೂಪಾಕ್ಷ ಗುಡಿಯ ಗೋಡೆ ಮೇಲೆ ಬೀಳುವ ಗೋಪುರದ ಉಲ್ಟಾ ನೆರಳೂ ಇದೇ ಲೆಕ್ಕ. ಕಣ್ಣೊಳಗೂ ಚಿತ್ರ ಹೀಗೇ ಬೀಳುತ್ತದೆಂದು 1604ರಲ್ಲಿ ವಿವರಿಸಿದವನು ಕೆಪ್ಲರ್. ಗ್ರಹಗಳ ಲೆಕ್ಕದವನಿಗೆ ಕಣ್ಣಿನ ಉಸಾಬರಿ ಯಾಕೆ ಅಂತೀರಾ? ಆ ಕಾಲದವರಿಗೆ ಎಲ್ಲವೂ ಬೇಕಿತ್ತು.