ಬೆಕ್ಕು ತಿಂದ ಮೀನು, ಮೀನು ತಿಂದ ಬೆಕ್ಕು

ಕಾರವಾರ ತಾಲೂಕಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದ ಒಂದು ವಾಕ್ಯ ಬಹಳ ದಿನ ತಲೆಯಲ್ಲಿ ಉಳಿದುಕೊಂಡಿತ್ತು. ಮೀನುಪೇಟೆಯ ಬಗ್ಗೆ ಐದಾರು ವಾಕ್ಯ ಬರೆಯಿರಿ ಎಂದಿದ್ದೆ. ‘ದ ಬಂಗುಡೆ ವಿಚ್ ಮೈ ಮದರ್ ಬಾಟ್ ಇಟ್ ವಾಸ್ ಫ್ರೆಶ್’ ಎಂದು ಅವಳು ಬರೆದಿದ್ದಳು. ನಾನು ಎಂದಿನಂತೆ ‘ಇಟ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅವಳು ಪುಸ್ತಕ ಹಿಡಿದು ಮೇಜಿನ ಬಳಿ ಬಂದು, “ಸರ್, ಕೊಂಡಿದ್ದು ಯಾವುದನ್ನು ಅಂತ ಹೇಳುವುದು ಬೇಡವಾ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾಗಿತ್ತು. ಅದು ತಪ್ಪು ಎಂಬ ನಿಯಮ ನನಗೆ ಗೊತ್ತಿತ್ತು. ಏಕೆ ತಪ್ಪು ಎಂಬುದನ್ನು ಅವಳಿಗೆ ಒಪ್ಪುವಂತೆ ಹೇಳಲು ಆ ದಿನ ಆಗಲಿಲ್ಲ.

ಅದಕ್ಕೆ ಮೊದಲು ಶಿರಸಿಯ ಕಡೆ ಕೆಲಸ ಮಾಡುತ್ತಿದ್ದಾಗಲೂ ನಾನು ಅವಳ ‘ವಿಚ್ ಮೈ ಮದರ್ ಬಾಟ್’ ಎಂಬಂತೆ ನಾಮಪದವನ್ನು ವಿವರಿಸುವ, ರಿಲೇಟಿವ್ ಕ್ಲಾಜ್ ಎಂಬ ಉಪವಾಕ್ಯವನ್ನು ಎಲ್ಲರೂ ಕಲಿಸುವ ಹಾಗೆಯೇ ಕಲಿಸಿದ್ದೆ. ಎರಡು ವಾಕ್ಯ ಕೊಡುವುದು, ‘ಹೂ’ ಅಥವಾ ‘ವಿಚ್’ ಹಾಕಿ ಜೋಡಿಸಿರಿ ಎನ್ನುವುದು. ‘ದಿಸ್ ಈಸ್ ದ ಬಾಯ್. ಹೀ ವನ್ ದ ಪ್ರೈಜ್’ ಎಂದು ಕೊಟ್ಟರೆ ಮಕ್ಕಳು ಸರಿಯಾಗಿ ಜೋಡಿಸುತ್ತಿದ್ದರು, ಏಕೆಂದರೆ ಅಲ್ಲಿ ‘ಬಾಯ್’ ಎಂಬ ಪದ ಮೊದಲ ವಾಕ್ಯದ ಕೊನೆಯಲ್ಲಿದೆ, ಉಪವಾಕ್ಯವನ್ನು ಅದರ ಬೆನ್ನಿಗೆ ಅಂಟಿಸಿದರೆ ಸಾಕು. ‘ದ ಬಾಯ್ ಈಸ್ ಮೈ ಫ್ರೆಂಡ್. ಹೀ ವನ್ ದ ಪ್ರೈಜ್’ ಎಂದು ಕೊಟ್ಟಾಗ ಅದೇ ಮಕ್ಕಳು ‘ದ ಬಾಯ್ ಈಸ್ ಮೈ ಫ್ರೆಂಡ್ ಹೂ ವನ್ ದ ಪ್ರೈಜ್’ ಎಂದು ಬರೆಯುತ್ತಿದ್ದರು. ಉಪವಾಕ್ಯ ಅಂಟಿಕೊಳ್ಳಬೇಕಾದದ್ದು ನಾಮಪದಕ್ಕೆ, ವಾಕ್ಯದ ಬಾಲಕ್ಕಲ್ಲ ಎಂಬ ಮೂಲ ಸಂಗತಿಯನ್ನೇ ನನ್ನ ಅಭ್ಯಾಸಗಳು ಮುಚ್ಚಿಟ್ಟಿದ್ದವು.

ದಾರಿ ಕಾಣಿಸಿದ್ದು ಕನ್ನಡದ ತರಗತಿಯಿಂದ. ಪಕ್ಕದ ಕೋಣೆಯಲ್ಲಿ ಕನ್ನಡದ ಅಧ್ಯಾಪಕರು ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ಕೃದಂತ ನಾಮಗಳನ್ನು ಹೇಳಿಸುತ್ತಿದ್ದರು: ಮಾಡುವ, ಮಾಡಿದ, ಮಾಡದ. ನನ್ನ ಮಕ್ಕಳು ಹುಟ್ಟಿನಿಂದ ಮಾಡಿಕೊಂಡು ಬಂದ ಕೆಲಸವನ್ನೇ ನಾನು ಹೊಸ ವಿದ್ಯೆ ಎಂಬಂತೆ ಕಲಿಸುತ್ತಿದ್ದೇನೆ ಎಂದು ಆಗ ಹೊಳೆಯಿತು. ‘ನಿನ್ನೆ ಬಂದ ಹುಡುಗ’ ಎನ್ನಲು ಯಾರಿಗೂ ಕಷ್ಟವಿಲ್ಲ. ಅದೇ ‘ದ ಬಾಯ್ ಹೂ ಕೇಮ್ ಯೆಸ್ಟರ್ಡೇ’. ಕನ್ನಡದಲ್ಲಿ ವಿವರಣೆಯೆಲ್ಲ ಮುಂದೆ ಬಂದು ನಾಮಪದ ಕೊನೆಗೆ ಕೂರುತ್ತದೆ; ಇಂಗ್ಲಿಷಿನಲ್ಲಿ ನಾಮಪದ ಮೊದಲು ನಿಂತು ವಿವರಣೆ ಹಿಂದಿನಿಂದ ಬರುತ್ತದೆ.

ಮರುದಿನ ಕರಿಹಲಗೆಯ ಮೇಲೆ ಎರಡೇ ಪದಪುಂಜ ಬರೆದೆ: ‘ಮೀನು ತಿಂದ ಬೆಕ್ಕು’, ‘ಬೆಕ್ಕು ತಿಂದ ಮೀನು’. ಮೊದಲನೆಯದರಲ್ಲಿ ತಿಂದವರು ಯಾರು, ಎರಡನೆಯದರಲ್ಲಿ ಯಾರು ಎಂದು ಕೇಳಿದೆ. ಎರಡರಲ್ಲೂ ಬೆಕ್ಕೇ ಎಂದರು. ಹಾಗಾದರೆ ‘ತಿಂದ’ ಎಂಬ ಒಂದೇ ರೂಪ ಒಮ್ಮೆ ತಿಂದದ್ದನ್ನೂ ಇನ್ನೊಮ್ಮೆ ತಿನ್ನಿಸಿಕೊಂಡದ್ದನ್ನೂ ಹೇಗೆ ಬಣ್ಣಿಸುತ್ತದೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, “ಒಂದರಲ್ಲಿ ಬೆಕ್ಕಿನ ಜಾಗ ಖಾಲಿ, ಇನ್ನೊಂದರಲ್ಲಿ ಮೀನಿನ ಜಾಗ ಖಾಲಿ ಸರ್” ಎಂದ. ‘ಖಾಲಿ ಜಾಗ’ ಎಂಬ ಆ ಮಾತನ್ನೇ ನಾನು ಅಂದಿನಿಂದ ಇಟ್ಟುಕೊಂಡಿದ್ದೇನೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೆ ‘ಮೈ ಮದರ್ ಬಾಟ್ ದ ಬಂಗುಡೆ’ ಎಂದು ದೊಡ್ಡದಾಗಿ ಬರೆದೆ. ಆ ಹುಡುಗಿಯ ಕೈಗೇ ಕತ್ತರಿ ಕೊಟ್ಟು, ಬಂಗುಡೆಯನ್ನು ಕತ್ತರಿಸಿ ಪಟ್ಟಿಯ ಮುಂದೆ ತಂದಿಡಲು ಹೇಳಿದೆ. ಮುಂದೆ ‘ದ ಬಂಗುಡೆ’, ನಡುವೆ ‘ವಿಚ್’, ಆಮೇಲೆ ‘ಮೈ ಮದರ್ ಬಾಟ್’, ಕೊನೆಯಲ್ಲಿ ಕಾಗದವೇ ಇಲ್ಲದ ಜಾಗ. “ನಿನ್ನ ‘ಇಟ್’ ಈಗ ಎಲ್ಲಿ ಕೂರಬೇಕು?” ಎಂದು ಕೇಳಿದಾಗ ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇಲ್ಲಿದ್ದ ಮೀನೇ ಮುಂದೆ ಹೋಯಿತಲ್ಲ ಸರ್, ಮತ್ತೊಂದು ಮೀನು ಯಾಕೆ?” ಎಂದಳು.

ಆ ‘ಇಟ್’ ಎಲ್ಲಿಂದ ಬರುತ್ತದೆ ಎಂಬುದನ್ನೂ ಯೋಚಿಸಿದ್ದೇನೆ. ‘ಯಾರು ನಿನ್ನೆ ಬಂದಿದ್ದರೋ ಅವರು ನನ್ನ ಮಾವ’ ಎಂಬ ಜೋಡಿ ರಚನೆ ಕನ್ನಡದಲ್ಲಿದೆ. ನಮ್ಮ ಕರಾವಳಿಯಲ್ಲಿ ಬಹಳ ಮಕ್ಕಳ ಮನೆಮಾತಾದ ಕೊಂಕಣಿಯಲ್ಲಿಯೂ ‘ಜೊ’, ‘ತೊ’ ಎಂಬ ಜೋಡಿಯಿದೆ. ಅಲ್ಲಿ ಎರಡನೆಯ ಸರ್ವನಾಮ ಬರಲೇಬೇಕು. ‘ವಿಚ್’ ಎಂದರೆ ‘ಯಾವುದು’ ಎಂದು ನಾವೇ ಅರ್ಥ ಹೇಳಿಕೊಟ್ಟಾಗ ಮಗು ಅದರ ಜೊತೆಗಾರ ‘ಅದು’ ಎಂಬುದನ್ನೂ ಕರೆತರುತ್ತದೆ. ಆದ್ದರಿಂದ ನಾನು ಈ ಪಾಠದಲ್ಲಿ ‘ವಿಚ್’ ಪದಕ್ಕೆ ‘ಯಾವುದು’ ಎಂಬ ಅರ್ಥ ಹೇಳುವುದನ್ನೇ ನಿಲ್ಲಿಸಿದೆ. ಈ ಒಂದು ಬದಲಾವಣೆಯಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿಣವಾದದ್ದು ವಿಭಕ್ತಿಯ ವಿಷಯ. ‘ನಾನು ಬಂದ ಬಸ್ಸು’, ‘ನಾವು ಕುಳಿತ ಬಂಡೆ’, ‘ಅಮ್ಮ ಮೀನು ಕೊಯ್ದ ಕತ್ತಿ’ ಎನ್ನುವಾಗ ‘ಬಸ್ಸಿನಲ್ಲಿ’, ‘ಬಂಡೆಯ ಮೇಲೆ’, ‘ಕತ್ತಿಯಿಂದ’ ಎಂಬ ಮೂರೂ ಸಂಬಂಧಗಳು ಸದ್ದಿಲ್ಲದೆ ಕರಗಿಹೋಗುತ್ತವೆ. ಕೇಳುವವನು ಲೋಕಜ್ಞಾನದಿಂದ ಅವನ್ನು ತುಂಬಿಕೊಳ್ಳುತ್ತಾನೆ. ಇಂಗ್ಲಿಷ್ ಹಾಗೆ ಕರಗಿಸುವುದಿಲ್ಲ. ಮಕ್ಕಳು ‘ದ ಬಸ್ ಐ ಕೇಮ್’ ಎಂದು ನಿಲ್ಲಿಸುತ್ತಾರೆ. ಅದು ‘ದ ಬಸ್ ಐ ಕೇಮ್ ಇನ್’ ಆಗಬೇಕು. ಬಂಡೆಗೆ ‘ದ ರಾಕ್ ವೀ ಸ್ಯಾಟ್ ಆನ್’, ಕತ್ತಿಗೆ ‘ದ ನೈಫ್ ಶೀ ಕಟ್ ದ ಫಿಶ್ ವಿತ್’. ಇಲ್ಲಿಯೂ ಕಾಗದದ ಪಟ್ಟಿಯೇ ಕೈಹಿಡಿಯಿತು. ನಾಮಪದವನ್ನು ಖಾಲಿ ಜಾಗಕ್ಕೆ ಮರಳಿ ಇಟ್ಟು ಓದಿರಿ ಎಂದೆ. ‘ಐ ಕೇಮ್ ದ ಬಸ್’ ಎಂದು ಓದಿದವರಿಗೆ ಏನೋ ತಪ್ಪಿದೆ ಎಂದು ತಾವಾಗಿಯೇ ಗೊತ್ತಾಯಿತು, ‘ಇನ್’ ಸೇರಿಸಿದರು. ಬಸ್ಸನ್ನು ಮತ್ತೆ ಮುಂದಕ್ಕೆ ಒಯ್ದಾಗ ‘ಇನ್’ ಇದ್ದಲ್ಲಿಯೇ ಉಳಿಯಿತು. ಉಪವಾಕ್ಯದ ತುದಿಯಲ್ಲಿ ಇಂತಹ ಪದ ನಿಲ್ಲಬಾರದು ಎಂದು ನಮಗೆ ಕಲಿಸಿದ ಹಿರಿಯರಿದ್ದರು. ಆಡುಮಾತಿನ ಇಂಗ್ಲಿಷಿನಲ್ಲಿ ಅದು ಅಲ್ಲೇ ನಿಲ್ಲುತ್ತದೆ. ‘ದ ಬಸ್ ಇನ್ ವಿಚ್ ಐ ಕೇಮ್’ ಎಂಬುದು ಅರ್ಜಿಗೆ, ವರದಿಗೆ ಒಪ್ಪುವ ರೂಪ; ಹಾಗೆ ‘ಇನ್’ ಮುಂದೆ ಬಂದಾಗ ‘ವಿಚ್’ ಬದಲು ‘ದಟ್’ ಹಾಕುವಂತಿಲ್ಲ, ಬಿಟ್ಟುಬಿಡುವಂತೆಯೂ ಇಲ್ಲ.

ಬಿಟ್ಟುಬಿಡುವ ವಿಷಯವನ್ನೂ ಖಾಲಿ ಜಾಗದಿಂದಲೇ ಹೇಳಿಕೊಟ್ಟೆ. ಕರ್ತೃವಿನ ಜಾಗ ಖಾಲಿಯಾಗಿದ್ದರೆ ‘ಹೂ’, ‘ವಿಚ್’ ಅಥವಾ ‘ದಟ್’ ಇರಲೇಬೇಕು. ಕರ್ಮದ ಜಾಗ ಖಾಲಿಯಾಗಿದ್ದರೆ ‘ದ ಫಿಶ್ ಐ ಬಾಟ್’ ಎಂದಷ್ಟೇ ಹೇಳಬಹುದು, ದಿನನಿತ್ಯದ ಮಾತಿನಲ್ಲಿ ಹೆಚ್ಚಾಗಿ ಹೇಳುವುದೂ ಹಾಗೆಯೇ. ಯಾವುದನ್ನು ಮೊದಲು ಕಲಿಸಬೇಕು ಎಂಬುದಕ್ಕೆ ಭಾಷಾವಿಜ್ಞಾನಿಗಳಾದ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ 1977ರಲ್ಲಿ ಮಂಡಿಸಿದ ಶ್ರೇಣಿ ನನಗೆ ನೆರವಾಯಿತು. ಲೋಕದ ಭಾಷೆಗಳಲ್ಲಿ ಇಂತಹ ಉಪವಾಕ್ಯಕ್ಕೆ ಕರ್ತೃವಿನ ಜಾಗ ಎಲ್ಲಕ್ಕಿಂತ ಸುಲಭವಾಗಿ ಒದಗುತ್ತದೆ, ಆಮೇಲೆ ಕರ್ಮ, ಆಮೇಲೆ ಉಳಿದವು ಎಂಬುದು ಅವರ ಮಾತಿನ ಸಾರ. ನಾನು ಅದೇ ಕ್ರಮ ಹಿಡಿದೆ.

ಅಲ್ಪವಿರಾಮದ ಪಾಠಕ್ಕೆ ಕಾಳಿ ನದಿಯೇ ಉದಾಹರಣೆಯಾಯಿತು. ಕಾರವಾರದಿಂದ ಸದಾಶಿವಗಡಕ್ಕೆ, ಅಲ್ಲಿಂದ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ಹಳೆಯದೊಂದು, ಹೊಸದೊಂದು ಸೇತುವೆ ಇದ್ದವು. 2024ರ ಆಗಸ್ಟ್‌ನಲ್ಲಿ ಹಳೆಯದು ಕುಸಿಯಿತು. ‘ದ ಬ್ರಿಜ್ ದಟ್ ಕೊಲ್ಯಾಪ್ಸ್ಡ್’ ಎಂದರೆ ಎರಡರಲ್ಲಿ ಯಾವುದು ಎಂದು ಉಪವಾಕ್ಯವೇ ಆರಿಸಿಕೊಡುತ್ತದೆ, ಅಲ್ಲಿ ಅಲ್ಪವಿರಾಮವಿಲ್ಲ. ‘ದ ಓಲ್ಡ್ ಬ್ರಿಜ್, ವಿಚ್ ಕೊಲ್ಯಾಪ್ಸ್ಡ್ ಇನ್ 2024’ ಎಂದು ಮುಂದುವರಿಸುವಾಗ ಯಾವುದು ಎಂಬುದು ಆಗಲೇ ಗೊತ್ತಿದೆ. ಉಪವಾಕ್ಯ ಮಾಹಿತಿಯನ್ನಷ್ಟೇ ಕೂಡಿಸುತ್ತದೆ, ಆದ್ದರಿಂದ ಅಲ್ಪವಿರಾಮ ಬೇಕು, ‘ದಟ್’ ಸಲ್ಲದು. ಕನ್ನಡದ ‘ಗೋವಾದಲ್ಲಿರುವ ನನ್ನ ಅಣ್ಣ’ ಎಂಬ ಮಾತು ಒಬ್ಬನೇ ಅಣ್ಣನಿರುವವನಿಗೂ ಮೂವರಿರುವವನಿಗೂ ಒಂದೇ. ಇಂಗ್ಲಿಷ್ ಬರೆಯುವಾಗ ಅಣ್ಣಂದಿರು ಎಷ್ಟು ಎಂದು ಮೊದಲು ಎಣಿಸಿಕೊಳ್ಳಬೇಕು ಎಂದು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ವಾಕ್ಯದ ನಡುವೆ ಉಪವಾಕ್ಯ ಬಂದಾಗ ಅದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು, ಇಡೀ ಪದಪುಂಜದ ಬದಲು ‘ಹೀ’ ಅಥವಾ ‘ಇಟ್’ ಇಟ್ಟು ಓದಿಸುತ್ತೇನೆ. ‘ದ ಬಾಯ್ ಹೂ ವನ್ ದ ಪ್ರೈಜ್’ ಎಂಬಷ್ಟೂ ‘ಹೀ’ ಆಗುತ್ತದೆ, ಉಳಿದದ್ದು ‘ಈಸ್ ಮೈ ಫ್ರೆಂಡ್’.

‘ಹೂಸ್’ ಎಂಬುದನ್ನು ಕೊನೆಗೆ ಉಳಿಸಿಕೊಂಡಿದ್ದೆ, ಅದೇ ಎಲ್ಲಕ್ಕಿಂತ ಕಷ್ಟವೆಂದು. ‘ಬಾಲ ತುಂಡಾದ ನಾಯಿ’ ಎಂದು ಹಲಗೆಯ ಮೇಲೆ ಬರೆದು, ಬಾಲ ಯಾರದು ಎಂದು ಕೇಳಿದೆ. ನಾಯಿಯದು ಎಂದರು. ‘ದ ಡಾಗ್ ಹೂಸ್ ಟೇಲ್ ವಾಸ್ ಕಟ್’ ಎಂದು ಪಟ್ಟಿ ಜೋಡಿಸಿದೆವು. ಮೀನುಗಾರರ ಮನೆಯ ಹುಡುಗನೊಬ್ಬ ‘ತಳ ಒಡೆದ ದೋಣಿ’ ಎಂದು ಕೂಗಿ, ತಾನೇ ಹಲಗೆಯ ಬಳಿ ಬಂದು ‘ದ ಬೋಟ್’ ಎಂದು ಬರೆದು ತಡೆದ. ‘ಹೂ’ ಮನುಷ್ಯರಿಗೆ ಎಂದು ನಾನೇ ಕಲಿಸಿದ್ದರಿಂದ ದೋಣಿಗೆ ‘ಹೂಸ್’ ಬರೆಯಲು ಅವನಿಗೆ ಧೈರ್ಯ ಸಾಲಲಿಲ್ಲ. ವಸ್ತುಗಳಿಗೂ ಅದು ಸಲ್ಲುತ್ತದೆ, ಒಳ್ಳೆಯ ಇಂಗ್ಲಿಷಿನಲ್ಲಿ ಬಹು ಕಾಲದಿಂದ ಸಲ್ಲುತ್ತಾ ಬಂದಿದೆ ಎಂದು ಹೇಳಿದ ಮೇಲೆ ಸೀಮೆಸುಣ್ಣ ಒತ್ತಿ ಬರೆದ: ‘ದ ಬೋಟ್ ಹೂಸ್ ಬಾಟಮ್ ಕ್ರ್ಯಾಕ್ಡ್ ಈಸ್ ಮೈ ಅಂಕಲ್ಸ್’.