ಕೊನೆಯ ರೊಟ್ಟಿ ಇಳಿಯುವ ತನಕ ಕನ್ನಡ ಬೇಡ

ನಾನು ವಿಜಯಪುರದಲ್ಲಿ ಹುಟ್ಟಿ ಬೆಳೆದ ಲಂಬಾಣಿ ಹೆಣ್ಣುಮಗಳು. ಅಪ್ಪ ನೌಕರಿಗಾಗಿ ತಾಂಡಾ ಬಿಟ್ಟು ಬಂದ ಮೇಲೆ ಅವ್ವ ನಮ್ಮ ಜೊತೆ ಕನ್ನಡವನ್ನೇ ಆಡಿದಳು. ಸಾಲಿಯಲ್ಲಿ ನಮ್ಮನ್ನು ಯಾರೂ ಆಡಿಕೊಳ್ಳಬಾರದು ಅನ್ನುವುದೊಂದೇ ಅವಳ ಚಿಂತೆ. ಅದಕ್ಕೆ ನಾನು ಅವಳನ್ನು ದೂರುವುದಿಲ್ಲ. ಹಾಗಾಗಿ ನಮ್ಮ ಲಂಬಾಣಿ ಭಾಷೆಯಾದ ಗೋರ್ ಬೋಲಿ ಕಲಿಯಲು ನಾನು ಕೂತದ್ದು ಮಗಳು ಹುಟ್ಟಿದ ಮೇಲೆ.

ವ್ಯಾಕರಣ ಕಷ್ಟವೇ. ಕನ್ನಡದಲ್ಲಿ ಮನೆ, ನೀರು, ಕಲ್ಲು ಎಲ್ಲವೂ ನಪುಂಸಕ ಲಿಂಗ. ಗೋರ್ ಬೋಲಿಯಲ್ಲಿ ವಸ್ತುಗಳಿಗೂ ಗಂಡು-ಹೆಣ್ಣಿನ ಭೇದ ಉಂಟು. 'ಮಾರಿ ಯಾಡಿ' (ನನ್ನ ಅವ್ವ) ಅನ್ನುವ ಬಾಯಿ ಮನೆಗೆ 'ಮಾರೋ ಘರ್' (ನನ್ನ ಮನೆ) ಅನ್ನಬೇಕು. ಇದು ಕೇಳುತ್ತ ಕೇಳುತ್ತ ಕಿವಿಗೆ ಹತ್ತುತ್ತದೆ. ನನ್ನನ್ನು ನಿಜಕ್ಕೂ ತಡೆದದ್ದು ಎದುರಿನವರ ಅಂತಃಕರಣ. ನಾನು ಒಂದು ಶಬ್ದಕ್ಕೆ ತಡವರಿಸಿದರೆ ಸಾಕು, "ಯಾಕ ತ್ರಾಸ ತಗೋತಿ, ಕನ್ನಡದಾಗ ಹೇಳವಾ" ಅಂದುಬಿಡುವರು. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಅಲ್ಲಿಗೆ ಆ ದಿನದ ಕಲಿಕೆ ಮುಗಿಯಿತು. ದೊಡ್ಡವರಾದ ಮೇಲೆ ಇಂಥ ಭಾಷೆ ಕಲಿಯುವ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ.

ಇಂಡಿ ತಾಲ್ಲೂಕಿನ ತಾಂಡಾದಲ್ಲಿರುವ ನಮ್ಮ ಕಾಕಿಯ ಜೊತೆ ಒಂದು ಕರಾರು ಮಾಡಿಕೊಂಡೆ. ಅವಳು ಒಲೆ ಹಚ್ಚಿದಾಗಿನಿಂದ ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವ ತನಕ ಇಬ್ಬರೂ ಕನ್ನಡ ಆಡುವಂತಿಲ್ಲ. ಹೊತ್ತು ಗೊತ್ತುಮಾಡಿದ್ದರಿಂದ ಅವಳಿಗೂ ಭಾರವಾಗಲಿಲ್ಲ. ಕೈ ಹಿಟ್ಟಿನಲ್ಲಿರುತ್ತದೆ, ಕಣ್ಣು ಒಲೆಯ ಮೇಲಿರುತ್ತದೆ, ನನ್ನ ಮುಖ ನೋಡಿ ಕನಿಕರಪಡಲು ಅವಳಿಗೆ ಪುರುಸೊತ್ತೇ ಇಲ್ಲ. 'ಪಾಣಿ ಲಾ' ಅಂದರೆ ನೀರು ತರಬೇಕು, ತರದಿದ್ದರೆ ಹಿಟ್ಟು ಒಣಗುತ್ತದೆ. ನಾನು ತಪ್ಪಾಗಿ ಅಂದದ್ದನ್ನು ಅವಳು ತಿದ್ದುತ್ತಿರಲಿಲ್ಲ. ರೊಟ್ಟಿ ತಿರುವಿ ಹಾಕುತ್ತ ಅದೇ ಮಾತನ್ನು ಸರಿಯಾಗಿ ಒಮ್ಮೆ ತಾನೇ ಅನ್ನುತ್ತಿದ್ದಳು. ಅವಳ ಹಿಂದೆ ನಾನೂ ಅನ್ನುತ್ತಿದ್ದೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ದೀಪಾವಳಿ ದಾಟಿದರೆ ತಾಂಡಾ ಬರಿದಾಗುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ ಜನ ಹೋಗಿಬಿಡುತ್ತಾರೆ. ಉಳಿಯುವವರು ಮುದುಕರು ಮತ್ತು ಸಾಲಿಯ ಮಕ್ಕಳು. ನನ್ನ ವಾರಿಗೆಯವರ ಮಾತು ಕಲಿಯಬೇಕೆಂದರೆ ಫೋನೇ ಗತಿ. ಬರೆದು ಕಳಿಸೋಣವೆಂದರೆ ಗೋರ್ ಬೋಲಿಗೆ ರೂಢಿಯಲ್ಲಿ ಒಂದೇ ಲಿಪಿ ಇಲ್ಲ. ನಾವು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಮಹಾರಾಷ್ಟ್ರದ ಬೀಗರು ದೇವನಾಗರಿಯಲ್ಲಿ, ತೆಲಂಗಾಣದವರು ತೆಲುಗಿನಲ್ಲಿ. ಅದಕ್ಕೇ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಹಿಡಿದೆವು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬಹುದು ಅನ್ನುವುದು ಕಲಿಯುವವರಿಗೆ ದೊಡ್ಡ ಅನುಕೂಲ. ಹೋಳಿ ಹಬ್ಬಕ್ಕೆ ಬಂದವರ ಜೊತೆ ಹಬ್ಬದ ಲೇಂಗಿ ಹಾಡು ಹಾಡಿದ್ದೂ ಬಹಳ ಉಪಯೋಗಕ್ಕೆ ಬಂತು. ಗುಂಪಿನಲ್ಲಿ ನಾಲಿಗೆಯ ಹೆದರಿಕೆ ಹೋಗುತ್ತದೆ.

ಯಾವ ಊರಿನ ರೂಢಿ ಸರಿ ಎಂಬ ತಕರಾರು ಬೇರೆ. ಸ್ಪೇನಿನ ಬಾಸ್ಕ್ ಭಾಷೆಯವರು 1968ರಿಂದ 'ಬತುವಾ' ಎಂಬ ಒಂದು ಸಮಾನ ರೂಪ ಕಟ್ಟಿಕೊಂಡರು, ದೊಡ್ಡವರಿಗೂ ಕಲಿಸುವ ಶಾಲೆಗಳನ್ನು ನಡೆಸಿದರು. ಆದರೂ ಹಾಗೆ ಕಲಿತವರಿಗೆ 'ನಿಮ್ಮದು ಪುಸ್ತಕದ ಮಾತು' ಅನ್ನುವ ಮಾತು ತಪ್ಪಲಿಲ್ಲ. ನಮಗೆ ಅಂಥ ಸಮಾನ ರೂಪವೂ ಇಲ್ಲ. ನಾನು ಕಾಕಿಯ ತಾಂಡಾದ ರೂಢಿಯನ್ನೇ ಹಿಡಿದೆ, ಬೇರೆಯವರು ತಿದ್ದಲು ಬಂದರೆ 'ನಮ್ಮಲ್ಲಿ ಹೀಗೇ ಅಂತಾರೆ' ಅನ್ನುತ್ತೇನೆ. ಹೊಸಬರು ಒಂದು ಊರಿನ ಮಾತಿಗೆ ಅಂಟಿಕೊಳ್ಳುವುದೇ ಲೇಸು.

'ಇಷ್ಟು ಜನ ಆಡುವ ಭಾಷೆಗೆ ಏನಾದೀತು?' ಅಂತ ಕೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ಲಂಬಾಣಿ ತಮ್ಮ ಮಾತೃಭಾಷೆ ಎಂದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು, ನಿಜ. ಆದರೆ ಅವರನ್ನೆಲ್ಲ ಹಿಂದಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ಊರಿಗೆ ಬಂದ ನಮ್ಮಂಥ ಮನೆಗಳಲ್ಲಿ ಒಂದೇ ತಲೆಮಾರಿನಲ್ಲಿ ಭಾಷೆ ಕಡಿದುಹೋಗುತ್ತಿರುವುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಗಣತಿಯ ನಿಯಮದಂತೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ್ದೇ ಮಾತೃಭಾಷೆ. ಆದ್ದರಿಂದ ನನ್ನ ಹೆಸರಿನ ಮುಂದೆ ಕನ್ನಡ ಬರುತ್ತದೆ, ಗೊತ್ತಿರುವ ಬೇರೆ ಭಾಷೆಗಳ ಜಾಗದಲ್ಲಿ ಲಂಬಾಣಿ ಬರೆಸುತ್ತೇನೆ. ಮಗಳಿಗೆ ಮಾತ್ರ ಮಾತೃಭಾಷೆಯ ಜಾಗದಲ್ಲೇ ಲಂಬಾಣಿ ಬರೆಸಬಹುದು. ಅವಳ ಜೊತೆ ನಾನು ದಿನಾಲೂ ಆಡುವುದು ಅದನ್ನೇ.